ಅಂಗಾಂಶ ಹಿಡಿದೆತ್ತುವ ಎಂಡೋಸ್ಕೋಪ್ ಜೋಡಣೆ: ದಾರವೋ, ರಬ್ಬರ್ ಬಳೆಯೋ, ತುದಿಯ ತೋಳೋ?

ಕಾಸರಗೋಡಿನ ಪೊವ್ವಲಿನಲ್ಲೋ ತಲಪಾಡಿ ದಾಟಿ ಮಂಗಳೂರು, ಮಣಿಪಾಲದಲ್ಲೋ ಇಂಜಿನಿಯರಿಂಗ್ ಓದುತ್ತ, ಗ್ಯಾಸ್ಟ್ರೋ ವೈದ್ಯರೊಬ್ಬರ ಜೊತೆ ಸೇರಿ ಎಂಡೋಸ್ಕೋಪಿನ (ದೇಹದೊಳಗೆ ತೂರಿಸಿ ನೋಡುವ ಬಾಗುವ ಕೊಳವೆಯ) ತುದಿಗೆ ಹಿಡಿಕೆಯೊಂದನ್ನು ಮಾಡಹೊರಟವರಿಗಾಗಿ ಇದನ್ನು ಬರೆದಿದ್ದೇವೆ. ಇಂಥ ತಂಡಗಳು ಸಾಮಾನ್ಯವಾಗಿ ಮೊದಲ ದಿನವೇ ಅಂಗಾಂಶ ಕಚ್ಚಿ ಹಿಡಿಯುವ ದವಡೆಯ ಚಿತ್ರ ಬರೆದುಬಿಡುತ್ತವೆ. ಆ ಚಿತ್ರಕ್ಕೆ ಮೊದಲು ತೀರ್ಮಾನಿಸಬೇಕಾದ್ದು ಬೇರೆ ಉಂಟು: ಯಾವ ಅಂಗ, ಯಾವ ದಿಕ್ಕಿಗೆ ಎಳೆತ, ಮತ್ತು ಬೇಡವಾದಾಗ ಬಿಡಿಸುವುದು ಹೇಗೆ. ಹಿಡಿತ ಎಷ್ಟು ಗಟ್ಟಿ ಎಂಬುದು ಈ ಮೂರರ ನಂತರದ ಮಾತು.

ಅನ್ನನಾಳ, ಜಠರ, ದೊಡ್ಡ ಕರುಳಿನ ಒಳಗೋಡೆಯ ಮೇಲ್ಪದರಕ್ಕಷ್ಟೇ ಸೀಮಿತವಾಗಿರುವ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ, ಒಂದೇ ತುಂಡಾಗಿ ಬಿಡಿಸಿ ತೆಗೆಯುವ ವಿಧಾನ ಎಂಡೋಸ್ಕೋಪಿಕ್ ಸಬ್‌ಮ್ಯೂಕೋಸಲ್ ಡಿಸೆಕ್ಷನ್. ವೈದ್ಯರ ಬಾಯಲ್ಲಿ ಇಎಸ್‌ಡಿ. 1990ರ ದಶಕದ ಕೊನೆಯ ಹೊತ್ತಿಗೆ ಜಪಾನಿನಲ್ಲಿ ರೂಪುಗೊಂಡದ್ದು. ಗಡ್ಡೆಯ ಸುತ್ತ ಚುಕ್ಕೆ ಸುಟ್ಟು ಗುರುತು ಹಾಕುತ್ತಾರೆ, ಅಡಿಗೆ ನೀಲಿ ಬಣ್ಣ ಬೆರೆಸಿದ ದ್ರವ ಚುಚ್ಚಿ ಉಬ್ಬಿಸುತ್ತಾರೆ, ಚುಕ್ಕೆಗಳ ಹೊರಗಿನಿಂದ ಸುತ್ತ ಕೊಯ್ಯುತ್ತಾರೆ, ಆಮೇಲೆ ಲೋಳೆಪದರಕ್ಕೂ ಸ್ನಾಯುಪದರಕ್ಕೂ ನಡುವಿನ ಸಬ್‌ಮ್ಯೂಕೋಸಾವನ್ನು ವಿದ್ಯುತ್ ಚಾಕುವಿನಿಂದ ಎಳೆಎಳೆಯಾಗಿ ಬಿಡಿಸುತ್ತಾರೆ. ಕಷ್ಟವೆಲ್ಲ ಈ ಕೊನೆಯ ಹಂತದಲ್ಲಿ. ತೆರೆದ ಶಸ್ತ್ರಕ್ರಿಯೆಯಲ್ಲಿ ಎಡಗೈ ಎತ್ತಿ ಹಿಡಿಯುತ್ತದೆ, ಬಲಗೈ ಕತ್ತರಿಸುತ್ತದೆ. ಎಂಡೋಸ್ಕೋಪಿಗೆ ಇರುವುದು ಒಂದೇ ಕೈ. ಅಡಕೆ ಹಾಳೆಯ ಒಳಪೊರೆ ಸುಲಿದವರಿಗೆ ಗೊತ್ತಿರುತ್ತದೆ, ಒಂದು ಕೈ ಎಳೆದು ಹಿಡಿದರೆ ಪೊರೆಗೂ ಹಾಳೆಗೂ ನಡುವಿನ ಗೆರೆ ತಾನೇ ತೆರೆದುಕೊಳ್ಳುತ್ತದೆ, ಹಿಡಿಯದಿದ್ದರೆ ಕತ್ತಿ ಎಲ್ಲೆಲ್ಲೋ ಹೋಗುತ್ತದೆ. ಇಲ್ಲಿ ಕತ್ತಿ ಎಲ್ಲೆಲ್ಲೋ ಹೋದರೆ ರಕ್ತನಾಳ ಕಡಿಯುತ್ತದೆ, ಅಥವಾ ಸ್ನಾಯುಪದರಕ್ಕೆ ತೂತು ಬೀಳುತ್ತದೆ. ಇಲ್ಲದ ಆ ಎಡಗೈಯನ್ನು ಒದಗಿಸುವುದೇ ಈ ಎಲ್ಲ ಜೋಡಣೆಗಳ ಕೆಲಸ.

ಮೊದಲು ಜಾಗದ ಲೆಕ್ಕ

ಜಠರ ನೋಡುವ ಗ್ಯಾಸ್ಟ್ರೋಸ್ಕೋಪಿನ ತುದಿ ಸುಮಾರು 9 ರಿಂದ 10 ಮಿ.ಮೀ. ದಪ್ಪ, ಕೆಲಸದ ಉದ್ದ 103 ಸೆಂ.ಮೀ. ಆಸುಪಾಸು. ಮಾಮೂಲಿ ಸ್ಕೋಪಿನ ಚಾನಲ್ (ಉಪಕರಣ ತೂರಿಸುವ ಒಳದಾರಿ) 2.8 ಮಿ.ಮೀ., ಚಿಕಿತ್ಸೆಯ ಸ್ಕೋಪುಗಳಲ್ಲಿ 3.2 ಅಥವಾ 3.7. ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪ್ ಇನ್ನೂ ದಪ್ಪ, 12–13 ಮಿ.ಮೀ. ಅನ್ನನಾಳದ ಬಾಯಿ ದಾರಿಯಲ್ಲೆಲ್ಲ ಅತಿ ಇಕ್ಕಟ್ಟಾದ ಜಾಗ, ಅಲ್ಲಿ ಸಲೀಸಾಗಿ ಸಿಗುವುದು ಸುಮಾರು 15 ಮಿ.ಮೀ. 9.8ರ ತುದಿಗೆ 1 ಮಿ.ಮೀ. ಗೋಡೆಯ ಕ್ಯಾಪ್ (ತುದಿಗೆ ತೊಡಿಸುವ ಬಳೆಯಂಥ ಟೊಪ್ಪಿ) ತೊಡಿಸಿದರೆ 11.8. ಅದರ ಒಂದು ಬದಿಗೆ 3 ಮಿ.ಮೀ. ದಪ್ಪದ ತೋಳು ಕೂರಿಸಿದರೆ ಆ ಅಡ್ಡಳತೆಯೇ 14.8. ಅಂದರೆ ಮೊದಲ ಚಿತ್ರಕ್ಕೇ ಜಾಗ ಮುಗಿಯಿತು. ಅಂಚುಗಳನ್ನು ಕನಿಷ್ಠ 0.5 ಮಿ.ಮೀ. ತ್ರಿಜ್ಯಕ್ಕೆ ಉರುಟು ಮಾಡಿ, ಮುಂಭಾಗಕ್ಕೆ ಇಳಿಜಾರು ಕೊಟ್ಟು, ತೋಳು ಮಡಚಿಕೊಂಡೇ ಗಂಟಲು ದಾಟುವಂತೆ ಮಾಡಬೇಕು.

ಪರದೆಯ ಮೇಲಿನ ಚಿತ್ರವನ್ನು ಗಡಿಯಾರದ ಮುಖವಾಗಿ ನೋಡಿದರೆ ಗ್ಯಾಸ್ಟ್ರೋಸ್ಕೋಪಿನಲ್ಲಿ ಚಾಕು ಸಾಮಾನ್ಯವಾಗಿ 7 ಗಂಟೆಯ ಆಸುಪಾಸಿನಿಂದ ಚಿತ್ರದೊಳಗೆ ಬರುತ್ತದೆ. ಹಾಗಾಗಿ ಎತ್ತುವ ಕೈ 12 ಅಥವಾ 1 ಗಂಟೆಯ ಕಡೆಯಿಂದ ಬರಬೇಕು. ಎರಡೂ ಒಂದೇ ಬದಿಯಿಂದ ಬಂದರೆ ಎತ್ತಿದ ಅಂಗಾಂಶವೇ ಚಾಕುವನ್ನು ಮರೆಮಾಡುತ್ತದೆ. ನಿಮ್ಮ ವೈದ್ಯರು ಬಳಸುವ ಸ್ಕೋಪಿನ ಮಾದರಿ ಹೆಸರು ಕೇಳಿ, ಚಾನಲ್ ಎಲ್ಲಿ, ನೀರು ಚಿಮ್ಮುವ ತೂತು ಎಲ್ಲಿ, ಲೆನ್ಸ್ ತೊಳೆಯುವ ಮೂತಿ ಎಲ್ಲಿ ಎಂದು ಗುರುತು ಮಾಡಿಕೊಂಡೇ ಕ್ಯಾಡ್‌ಗೆ ಕೂರಿ. ಈ ಮೂರರಲ್ಲಿ ಒಂದನ್ನು ಮುಚ್ಚಿದರೂ ಜೋಡಣೆ ನಿರುಪಯೋಗಿ.

ಬರೀ ಕ್ಯಾಪ್, ಮತ್ತು ಭೂಮಿಯ ಎಳೆತ

ಹೋಲಿಕೆ ಇಲ್ಲಿಂದಲೇ ಶುರುವಾಗಬೇಕು, ಏಕೆಂದರೆ ಇದು ಎಲ್ಲ ಕಡೆ ಈಗಾಗಲೇ ಇದೆ. ಪಾರದರ್ಶಕ ಕ್ಯಾಪ್ ಲೆನ್ಸಿಗಿಂತ ಸುಮಾರು 4 ಮಿ.ಮೀ. ಮುಂದೆ ಚಾಚಿರುತ್ತದೆ. ಸುತ್ತ ಕೊಯ್ದ ಮೇಲೆ ಅದರ ಅಂಚನ್ನು ಲೋಳೆಪದರದ ಅಡಿಗೆ ತೂರಿಸಿ ಎತ್ತುತ್ತಾರೆ. ತುದಿಯತ್ತ ಕಿರಿದಾಗುವ ಕ್ಯಾಪ್ ಆದರೆ ಸಣ್ಣ ಸೀಳಿನೊಳಗೂ ಹೊಗುತ್ತದೆ. ಜೊತೆಗೆ ರೋಗಿಯನ್ನು ಮಗ್ಗುಲು ತಿರುಗಿಸಿ, ಗಡ್ಡೆ ಮೇಲ್ಬದಿಗೆ ಬಂದು ಬಿಡಿಸಿದ ಭಾಗ ಕೆಳಗೆ ಜೋಲುವಂತೆ ಮಾಡುತ್ತಾರೆ. ಖರ್ಚಿಲ್ಲ, ಒಳಗೆ ಬಿಟ್ಟುಬರುವ ವಸ್ತುವಿಲ್ಲ.

ಕೊರತೆ ಎರಡು. ಕ್ಯಾಪ್ ಎತ್ತಿದಾಗ ಸ್ಕೋಪ್ ಮತ್ತು ಎತ್ತುವ ಕೈ ಒಂದೇ ಆಗಿಬಿಡುತ್ತದೆ, ಚಾಕು ಸರಿಸಲು ಸ್ಕೋಪ್ ಸರಿಸಿದರೆ ಎತ್ತಿದ್ದು ಬೀಳುತ್ತದೆ. ಇನ್ನೊಂದು, ಹಿಂದೆ ಬಯಾಪ್ಸಿ ತೆಗೆದ ಅಥವಾ ಅರ್ಧ ಕೊಯ್ದು ಬಿಟ್ಟ ಜಾಗದಲ್ಲಿ ಸಬ್‌ಮ್ಯೂಕೋಸಾ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಅಲ್ಲಿ ದ್ರವ ಉಬ್ಬಿಸುವುದಿಲ್ಲ, ಕ್ಯಾಪ್ ಹೊಗುವುದಿಲ್ಲ. ನಿಮ್ಮ ಹೊಸ ಜೋಡಣೆ ಏನೇ ಇರಲಿ, ಬರೀ ಕ್ಯಾಪಿನ ಎದುರು ನಿಲ್ಲಿಸಿ ನೋಡಿ. ಸುಲಭದ ಜಾಗದಲ್ಲಿ ಕ್ಯಾಪನ್ನು ಸೋಲಿಸುವುದು ಕಷ್ಟ, ಸೋಲಿಸಬೇಕಾದ ಅಗತ್ಯವೂ ಇಲ್ಲ.

ದಾರ ಕಟ್ಟಿದ ಕ್ಲಿಪ್

ಜಪಾನಿನ ವೈದ್ಯ ತ್ಸುನೆಓ ಒಯಾಮ ಅವರ ಹೆಸರಿನೊಂದಿಗೆ ಪರಿಚಿತವಾದ ವಿಧಾನ ಇದು. ಸುತ್ತ ಕೊಯ್ದಾದ ಮೇಲೆ ಸ್ಕೋಪನ್ನು ಹೊರಕ್ಕೆ ತೆಗೆಯುತ್ತಾರೆ. ಕ್ಲಿಪ್ (ಅಂಗಾಂಶ ಕಚ್ಚಿ ಹಿಡಿಯುವ ಪುಟ್ಟ ಚಿಮಟ) ಹಾಕುವ ಸಾಧನವನ್ನು ಚಾನಲಿನಲ್ಲಿ ತೂರಿಸಿ, ತುದಿಯಿಂದ ಹೊರಬಂದ ಕ್ಲಿಪ್ಪಿಗೆ ಹಲ್ಲುಜ್ಜುವ ಫ್ಲಾಸ್‌ನಂಥ ತೆಳ್ಳಗಿನ ದಾರ ಕಟ್ಟುತ್ತಾರೆ. ಕ್ಲಿಪ್ಪನ್ನು ಕ್ಯಾಪಿನೊಳಕ್ಕೆ ಎಳೆದುಕೊಂಡು, ದಾರವನ್ನು ಸ್ಕೋಪಿನ ಹೊರಬದಿಯಲ್ಲಿ ಬಿಟ್ಟು, ಮತ್ತೆ ಒಳಗೆ ಹೋಗಿ ಕೊಯ್ದ ಅಂಚಿಗೆ ಕಚ್ಚಿಸುತ್ತಾರೆ. ದಾರದ ಇನ್ನೊಂದು ತುದಿ ಬಾಯಿಂದ ಹೊರಗೆ, ಸಹಾಯಕರ ಕೈಯಲ್ಲಿ. ದಾರ 2 ಮೀಟರ್ ಇಟ್ಟುಕೊಳ್ಳಿ, ಗಿಡ್ಡವಾದರೆ ಸ್ಕೋಪ್ ತೂರಿಸುವಾಗಲೇ ಒಳಗೆ ಹೋಗಿಬಿಡುತ್ತದೆ. ಗಂಟು ದಪ್ಪವಾದರೆ ಕ್ಲಿಪ್ ಹಿಂದೆ ಸರಿಯುವುದಿಲ್ಲ, ಅರ್ಧ ತೆರೆದೇ ಗಂಟಲು ದಾಟುವ ಅಪಾಯ ಉಂಟು.

ಇದು ಎಲ್ಲಿ ಗೆಲ್ಲುತ್ತದೆ ಎಂಬುದಕ್ಕೆ ಜಪಾನಿನ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಸಾಕು. 2018ರಲ್ಲಿ ಪ್ರಕಟವಾದ ಕನೆಕ್ಟ್-ಜಿ ಜಠರದ ಮೇಲಿನದು. ಒಟ್ಟಾರೆ ಸರಾಸರಿ ಸಮಯ ದಾರದೊಂದಿಗೆ 58.1 ನಿಮಿಷ, ದಾರವಿಲ್ಲದೆ 60.7, ಅಂದರೆ ವ್ಯತ್ಯಾಸವೇ ಇಲ್ಲ. ಆದರೆ ಜಠರದ ಮೇಲಿನ ಮತ್ತು ನಡುವಿನ ಭಾಗದ ದೊಡ್ಡ ಬಾಗಿನಲ್ಲಿದ್ದ ಗಡ್ಡೆಗಳನ್ನಷ್ಟೇ ತೆಗೆದುಕೊಂಡರೆ 57.2 ನಿಮಿಷಕ್ಕೆ ಎದುರು 104.1. ಕಾರಣ ಜ್ಯಾಮಿತಿಯಲ್ಲಿದೆ. ಬಾಯಿಯಿಂದ ಬಂದ ದಾರ ಜಠರದ ಬಾಯಿಯ ಕಡೆಗೆ ಮಾತ್ರ ಎಳೆಯಬಲ್ಲದು. ಆ ದಿಕ್ಕು ದೊಡ್ಡ ಬಾಗಿನ ಗೋಡೆಗೆ ಹೆಚ್ಚುಕಡಿಮೆ ಲಂಬ, ಆದ್ದರಿಂದ ಅಂಗಾಂಶ ಎದ್ದು ನಿಲ್ಲುತ್ತದೆ. ಬೇರೆ ಗೋಡೆಗಳಲ್ಲಿ ಅದೇ ದಾರ ಗೋಡೆಯ ಉದ್ದಕ್ಕೆ ಎಳೆಯುತ್ತದೆ, ಎತ್ತುವುದಿಲ್ಲ. 2020ರ ಕನೆಕ್ಟ್-ಇ ಅನ್ನನಾಳದ್ದು, ಅಲ್ಲಿ 60.5 ನಿಮಿಷ 44.5ಕ್ಕೆ ಇಳಿಯಿತು. ಅನ್ನನಾಳ ಇಕ್ಕಟ್ಟಾದ ನೇರ ಕೊಳವೆ, ಬಾಯಿಯ ಕಡೆಗಿನ ಎಳೆತವೇ ಅಲ್ಲಿ ಬೇಕಾದ ಎಳೆತ. ಬಲದ ಬಗ್ಗೆ ಯೋಚಿಸುವವರು ಈ ಅಂಕಿಗಳನ್ನು ಮೇಜಿನ ಮುಂದೆ ಅಂಟಿಸಿಕೊಳ್ಳಬೇಕು: ಅದೇ ಕ್ಲಿಪ್, ಅದೇ ದಾರ, ದಿಕ್ಕು ಬದಲಾದದ್ದಕ್ಕೆ ಫಲವೂ ಬದಲಾಯಿತು.

ದಿಕ್ಕು ಬದಲಿಸಲು ರಾಟೆ ವಿಧಾನ ಉಂಟು. ಎರಡನೆಯ ಕ್ಲಿಪ್ಪಿನಿಂದ ದಾರವನ್ನು ಎದುರುಗೋಡೆಗೆ ತಗುಲಿಸಿ ಅಲ್ಲಿಂದ ಎಳೆಯುವುದು. ಆದರೆ ಕ್ಲಿಪ್ ಉರುಳುವ ರಾಟೆಯಲ್ಲ, ದಾರ ಅದರ ಮೇಲೆ ಉಜ್ಜುತ್ತದೆ. ಘರ್ಷಣಾಂಕ 0.2 ಎಂದಿಟ್ಟುಕೊಂಡರೆ 180 ಡಿಗ್ರಿ ತಿರುವಿನಲ್ಲಿ ತುದಿಯ 1 ನ್ಯೂಟನ್‌ಗೆ ಈಚೆಯಿಂದ 1.9 ನ್ಯೂಟನ್ ಎಳೆಯಬೇಕು. ಆಧಾರದ ಕ್ಲಿಪ್ಪಿನ ಮೇಲೆ ಬೀಳುವುದು ಎರಡರ ಮೊತ್ತ, ಸುಮಾರು 2.9. ಹಾಗಾಗಿ ಕಿತ್ತುಬರುವುದು ಹೆಚ್ಚಾಗಿ ಆಧಾರದ್ದೇ. ಅದನ್ನು ಲೋಳೆಪದರದ ಮಡಿಕೆಗೆ ದಪ್ಪವಾಗಿ ಕಚ್ಚಿಸಬೇಕು.

ದೊಡ್ಡ ಕರುಳಿನ ಬಲಭಾಗಕ್ಕೆ ಈ ವಿಧಾನ ಹೇಳಿಸಿದ್ದಲ್ಲ. ಅಷ್ಟು ದೂರ ತಲುಪಿದ ಸ್ಕೋಪನ್ನು ದಾರ ಕಟ್ಟಲು ಹೊರತೆಗೆದು ಮತ್ತೆ ಒಯ್ಯುವುದೆಂದರೆ ಉಳಿಸಿದ ಸಮಯವೆಲ್ಲ ಅಲ್ಲೇ ಹೋಯಿತು. ಗುದನಾಳದಲ್ಲಾದರೆ ತೊಂದರೆಯಿಲ್ಲ.

ಒಳಗೇ ಎಳೆಯುವ ಬಳೆ ಮತ್ತು ಸ್ಪ್ರಿಂಗ್

ಒಂದು ಕ್ಲಿಪ್ ಗಡ್ಡೆಯ ಅಂಚಿಗೆ, ಇನ್ನೊಂದು ಎದುರುಗೋಡೆಗೆ, ನಡುವೆ ಹಿಗ್ಗುವ ವಸ್ತು. ಸ್ಕೋಪ್ ಹೊರಗೆ ತೆಗೆಯಬೇಕಿಲ್ಲ, ಎಲ್ಲವೂ ಚಾನಲಿನ ಮೂಲಕ ಹೋಗುತ್ತದೆ. ದಿಕ್ಕನ್ನು ಆಧಾರದ ಜಾಗ ತೀರ್ಮಾನಿಸುತ್ತದೆ, ಅದು ವೈದ್ಯರ ಕೈಯಲ್ಲಿದೆ. ಸ್ಪ್ರಿಂಗ್ ಇರುವ ಜಪಾನಿನ ಎಸ್-ಓ ಕ್ಲಿಪ್ ಈ ಜಾತಿಯದು. ಫ್ರಾನ್ಸಿನಲ್ಲಿ ಎರಡು ಕ್ಲಿಪ್ ಮತ್ತು ರಬ್ಬರ್ ಬಳೆಯ ವಿಧಾನ ಬಳಕೆಗೆ ಬಂದಿದೆ.

ಬೆಂಚಿನ ಪ್ರಯೋಗಕ್ಕೆ ಹಲ್ಲಿನ ಕ್ಲಿಪ್ ಹಾಕುವ ದಂತವೈದ್ಯರು ಬಳಸುವ ರಬ್ಬರ್ ಬಳೆ ಒಳ್ಳೆಯ ಆರಂಭ. ಅವನ್ನು ಇಂಚಿನಲ್ಲೂ ಔನ್ಸಿನಲ್ಲೂ ಗುರುತಿಸುತ್ತಾರೆ. ಕಾಲು ಇಂಚು, ಮೂರೂವರೆ ಔನ್ಸ್ ಎಂದರೆ 6.4 ಮಿ.ಮೀ. ಒಳವ್ಯಾಸದ ಬಳೆಯನ್ನು ಅದರ ಮೂರು ಪಟ್ಟು, ಅಂದರೆ 19 ಮಿ.ಮೀ. ಆಗುವಷ್ಟು ಎಳೆದಾಗ ಸುಮಾರು 99 ಗ್ರಾಂ, ಹೆಚ್ಚುಕಡಿಮೆ 1 ನ್ಯೂಟನ್. ಬಲದ ಅಂಕಿ ಪೊಟ್ಟಣದ ಮೇಲೇ ಇರುವುದು ಪ್ರಯೋಗಕ್ಕೆ ದೊಡ್ಡ ಅನುಕೂಲ. ಒದ್ದೆಯಲ್ಲಿ ಎಳೆದೇ ಇಟ್ಟರೆ ಬಲ ಕ್ರಮೇಣ ಇಳಿಯುತ್ತದೆ ಎಂಬುದನ್ನೂ ಅಳೆದುಕೊಳ್ಳಿ: ಹಾಕಿದಾಗ, 30 ನಿಮಿಷಕ್ಕೆ, 60 ನಿಮಿಷಕ್ಕೆ. ಬಳೆ ಲ್ಯಾಟೆಕ್ಸ್ ಆಗಿದ್ದರೆ ಅಲರ್ಜಿಯ ಪ್ರಶ್ನೆ ಬರುತ್ತದೆ, ಲ್ಯಾಟೆಕ್ಸ್ ಇಲ್ಲದ್ದನ್ನೇ ಆರಿಸಿ. ಬೆಂಚಿನ ಮೇಲೆ ಚೆನ್ನಾಗಿ ನಡೆಯಿತೆಂದು ಹಲ್ಲಿನ ಬಳೆಯನ್ನು ರೋಗಿಯ ಕರುಳಿಗೆ ಶಿಫಾರಸು ಮಾಡುವುದು ನಿಮ್ಮ ಕೆಲಸವಲ್ಲ, ಅದಕ್ಕೆ ಅನುಮತಿ ಪಡೆದ ವಸ್ತು ಬೇಕು.

ಸ್ಪ್ರಿಂಗ್ ವಿನ್ಯಾಸ ಮಾಡುವವರು ಒಂದು ಅಂಶವನ್ನು ಬಿಡಬಾರದು. ಗಾಳಿ ತುಂಬಿದರೆ ಕರುಳು ಹಿಗ್ಗುತ್ತದೆ, ಗೋಡೆಗಳು ದೂರ ಹೋಗುತ್ತವೆ, ಎಳೆತ ಹೆಚ್ಚುತ್ತದೆ. ಸ್ಪ್ರಿಂಗಿನ ಗಡಸು ಮಿ.ಮೀ.ಗೆ 0.1 ನ್ಯೂಟನ್ ಆದರೆ 10 ಮಿ.ಮೀ. ಹಿಗ್ಗುವಿಕೆಗೆ 1 ನ್ಯೂಟನ್ ಹೆಚ್ಚಾಗುತ್ತದೆ. 0.02 ಆದರೆ ಬರೀ 0.2. ಮೆದುವಾದ, ಉದ್ದಕ್ಕೆ ಹಿಗ್ಗುವ ಸ್ಪ್ರಿಂಗೇ ಬೇಕು. ಎಳೆತ ಹೆಚ್ಚಾದರೆ ಕ್ಲಿಪ್ ಕಿತ್ತು ಬರುವುದು ಸಣ್ಣ ತೊಂದರೆ. ದೊಡ್ಡದು ಸ್ನಾಯುಪದರವೂ ಸೇರಿ ಗುಡಾರದ ಹಾಗೆ ಮೇಲೆದ್ದು ಬರುವುದು. ಆಗ ಚಾಕು ಸರಿಯಾದ ಮಟ್ಟದಲ್ಲೇ ಸಾಗುತ್ತಿದೆ ಎನಿಸಿದರೂ ಅದು ಸ್ನಾಯುವನ್ನೇ ಕತ್ತರಿಸುತ್ತಿರುತ್ತದೆ. ಹಾಗೆ ಕಂಡರೆ ಮೊದಲ ಪರಿಹಾರ ಗಾಳಿ ಹೀರಿ ಕರುಳನ್ನು ಕುಗ್ಗಿಸುವುದು.

ಜಠರದಲ್ಲಿ ಈ ಜಾತಿ ಸೊರಗುತ್ತದೆ. ಗಾಳಿ ತುಂಬಿದ ಜಠರದಲ್ಲಿ ಎದುರುಗೋಡೆ ತುಂಬ ದೂರ, 6 ಮಿ.ಮೀ. ಬಳೆ ತಲುಪುವುದಿಲ್ಲ, ನೈಲಾನ್ ಕುಣಿಕೆ ಸೇರಿಸಿ ಉದ್ದ ಮಾಡಬೇಕು. ಇನ್ನೊಂದು ಮಿತಿ: ಹಾಕಿದ ಮೇಲೆ ದಿಕ್ಕು ಬದಲಿಸಲು ಆಧಾರದ ಕ್ಲಿಪ್ ತೆಗೆದು ಬೇರೆಡೆ ಹಾಕಬೇಕು. ಮತ್ತೆ ತೆರೆಯಬಲ್ಲ ಕ್ಲಿಪ್ ಇದ್ದರೆ ತಪ್ಪು ಜಾಗಕ್ಕೆ ಕಚ್ಚಿದ್ದನ್ನು ಬಿಡಿಸಿ ಇನ್ನೊಮ್ಮೆ ಕಚ್ಚಿಸಬಹುದು. ಕೆಲಸ ಮುಗಿದಾಗ ಕುಣಿಕೆ ಕತ್ತರಿಸುವುದೋ ಆಧಾರವನ್ನು ಕೀಳುವುದೋ ಎಂಬುದನ್ನು ವಿನ್ಯಾಸದಲ್ಲೇ ತೀರ್ಮಾನಿಸಿ. ಲೋಹದ ಸ್ಪ್ರಿಂಗನ್ನು ಚಾಕು ಕತ್ತರಿಸದು, ಆದ್ದರಿಂದ ಅದರ ಒಂದು ತುದಿಗಾದರೂ ನೈಲಾನ್ ಕುಣಿಕೆ ಇರಲೇಬೇಕು.

ತುದಿಗೆ ಕೂರಿಸಿದ ತೋಳು

ವಿದ್ಯಾರ್ಥಿಗಳನ್ನು ಹೆಚ್ಚು ಸೆಳೆಯುವುದು ಇದೇ. ಕ್ಯಾಪಿಗೆ ಕೀಲು ಹಾಕಿ ಕೂರಿಸಿದ ತೋಳು, ತೋಳಿನ ತುದಿಗೆ ದವಡೆ. ಹಿಡಿಯುತ್ತದೆ, ಹಿಂದಕ್ಕೆ ಎಳೆಯುತ್ತದೆ, ಎತ್ತುತ್ತದೆ, ಬಿಟ್ಟು ಮತ್ತೆ ಹಿಡಿಯುತ್ತದೆ. ಒಲಿಂಪಸ್‌ನವರ ಎಂಡೋಲಿಫ್ಟರ್ ಈ ಕಲ್ಪನೆಯದೇ. ಮತ್ತೆ ಮತ್ತೆ ಹಿಡಿಯಬಲ್ಲದು ಎಂಬ ಒಂದು ಗುಣಕ್ಕಾಗಿ ಇದು ಬೇರೆಲ್ಲದಕ್ಕಿಂತ ಮೇಲು. ಆ ಗುಣಕ್ಕೆ ತೆರಬೇಕಾದ ಬೆಲೆಯನ್ನು ಬಿಡಿಸಿ ಹೇಳುತ್ತೇವೆ.

ತೋಳು 20 ಮಿ.ಮೀ. ಉದ್ದ, 45 ಡಿಗ್ರಿ ಎದ್ದರೆ ದವಡೆ 14 ಮಿ.ಮೀ. ಮೇಲೇರುತ್ತದೆ. ಸಾಕಷ್ಟಾಯಿತು. ಆದರೆ ತುದಿಯಲ್ಲಿ 1 ನ್ಯೂಟನ್ ಎತ್ತಲು ಕೀಲಿನಲ್ಲಿ 20 ನ್ಯೂಟನ್-ಮಿ.ಮೀ. ತಿರುಚುಬಲ ಬೇಕು. ಜಾಗದ ಇಕ್ಕಟ್ಟಿನಿಂದ ಎಳೆತಂತಿಯನ್ನು ಕೀಲಿನಿಂದ 2 ಮಿ.ಮೀ. ದೂರಕ್ಕಿಂತ ಆಚೆ ಕೂರಿಸಲು ಆಗದು. ಹಾಗಾಗಿ ತಂತಿಯಲ್ಲಿ 10 ನ್ಯೂಟನ್. ಇದು ತುದಿಯ ಲೆಕ್ಕ. ಸ್ಕೋಪ್ ಗಂಟಲಲ್ಲಿ ಬಾಗಿ, ಜಠರದಲ್ಲಿ ಹಿಂದಿರುಗಿ ನೋಡುವ ಭಂಗಿಯಲ್ಲಿದ್ದರೆ ಒಟ್ಟು ಬಾಗು 270 ಡಿಗ್ರಿ ದಾಟುತ್ತದೆ. ಬಾಗಿದ ಕೊಳವೆಯಲ್ಲಿ ಘರ್ಷಣೆ ಕೂಡುವುದಿಲ್ಲ, ಗುಣಿಸುತ್ತದೆ. ಘರ್ಷಣಾಂಕ 0.2 ಆದರೆ 270 ಡಿಗ್ರಿಗೆ 2.6 ಪಟ್ಟು, ಟೆಫ್ಲಾನ್ ಒಳಪದರ ಹಾಕಿ 0.1ಕ್ಕೆ ಇಳಿಸಿದರೆ 1.6 ಪಟ್ಟು. ಅಂದರೆ ಹಿಡಿಯಲ್ಲಿ 26 ಅಥವಾ 16 ನ್ಯೂಟನ್. ಟೆಫ್ಲಾನ್ ಪದರಕ್ಕೆ ಖರ್ಚು ಮಾಡಿ ಎಂದು ಹೇಳುವುದು ಇದಕ್ಕಾಗಿ. ತೋಳನ್ನು 12 ಮಿ.ಮೀ.ಗೆ ಗಿಡ್ಡ ಮಾಡಿದರೆ ಎತ್ತುವ ಎತ್ತರ 8.5ಕ್ಕೆ ಇಳಿಯುತ್ತದೆ, ತಂತಿಯ ಬಲ 6 ನ್ಯೂಟನ್‌ಗೆ ಇಳಿಯುತ್ತದೆ. ಮೊದಲ ಮಾದರಿಗೆ 12ರಿಂದ 15 ಮಿ.ಮೀ. ತೋಳೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಆ ತಂತಿಯ ಬಲಕ್ಕೆ ಎದುರಾಗಿ ಹೊರಕೊಳವೆ ಒತ್ತಿಕೊಳ್ಳುತ್ತದೆ. ಕೊಳವೆ ಸ್ಕೋಪಿನ ಒಂದು ಬದಿಯಲ್ಲಿದ್ದರೆ ಆ ಒತ್ತಡ ಸ್ಕೋಪಿನ ಬಾಗುವ ಭಾಗವನ್ನು ತನ್ನಿಷ್ಟಕ್ಕೆ ತಿರುಗಿಸುತ್ತದೆ. ವೈದ್ಯರು ತೋಳೆತ್ತಿದ ಕೂಡಲೇ ಚಿತ್ರ ಸರಿದು ಹೋಗುವುದು ಇದರಿಂದ. ಹೊರಕೊಳವೆ ಒತ್ತಿದರೆ ಕುಗ್ಗದ ಬಿಗಿ ಸುರುಳಿಯಾಗಿರಲಿ, ಪ್ಲಾಸ್ಟಿಕ್ ಕೊಳವೆ ಸಾಲದು.

ಇನ್ನೊಂದು ಲೆಕ್ಕವನ್ನು ಬಹುಮಂದಿ ಮಾಡುವುದೇ ಇಲ್ಲ. ಸ್ಕೋಪಿನ ನಡುಗೆರೆಯಿಂದ ಹೊರಗಿನ ಕೊಳವೆ 6.5 ಮಿ.ಮೀ. ದೂರದಲ್ಲಿದೆ ಎನ್ನಿ. ಸ್ಕೋಪಿನ ತುದಿ ಮೇಲಕ್ಕೆ 210 ಡಿಗ್ರಿ ಬಾಗಬಲ್ಲದು, ರೇಡಿಯನ್‌ನಲ್ಲಿ 3.67. ದೂರವನ್ನು ಕೋನದಿಂದ ಗುಣಿಸಿದರೆ 24 ಮಿ.ಮೀ. ಕೊಳವೆ ಬಾಗಿನ ಹೊರಬದಿಯಲ್ಲಿದ್ದರೆ ಅಷ್ಟು ಉದ್ದ ಹೆಚ್ಚು ಬೇಕು, ಒಳಬದಿಯಲ್ಲಿದ್ದರೆ ಅಷ್ಟು ಸಡಿಲವಾಗಿ ಗೂನಾಗುತ್ತದೆ. ಟೇಪಿನಿಂದ ಉದ್ದಕ್ಕೂ ಬಿಗಿದು ಕಟ್ಟಿದರೆ ಸ್ಕೋಪ್ ಬಾಗುವುದೇ ಇಲ್ಲ, ಒತ್ತಾಯಿಸಿದರೆ ಸ್ಕೋಪಿನ ಬಾಗುತಂತಿ ಹಾಳು. ಕೊಳವೆಯನ್ನು ತುದಿಯಲ್ಲಿ ಮಾತ್ರ ಭದ್ರ ಮಾಡಿ, ಉಳಿದ ಕಡೆ ಜಾರುವ ಬಳೆಗಳಲ್ಲಿ ಬಿಡಬೇಕು.

ದವಡೆಯ ವಿಷಯಕ್ಕೆ ಬಂದರೆ, ಲೋಳೆಯ ಮೇಲೆ ನಯವಾದ ದವಡೆ ಜಾರುತ್ತದೆ. ಘರ್ಷಣಾಂಕ 0.2 ಇದ್ದರೆ 1 ನ್ಯೂಟನ್ ಎಳೆಯಲು ಎರಡೂ ದವಡೆ ತಲಾ 2.5 ನ್ಯೂಟನ್ ಒತ್ತಬೇಕು. ಅದಕ್ಕೇ ಹಲ್ಲು ಬೇಕಾಗುವುದು. ಆದರೆ ಚೂಪಾದ ಹಲ್ಲು ಸೀಳುತ್ತದೆ, ಪೆಥಾಲಜಿಸ್ಟ್ ನೋಡಬೇಕಾದ ಅಂಚನ್ನು ನುಜ್ಜುಗುಜ್ಜು ಮಾಡುತ್ತದೆ. ಗಡ್ಡೆ ಪೂರ್ತಿ ಬಂದಿದೆಯೇ ಎಂದು ಹೇಳುವುದು ಆ ಅಂಚೇ. ಚುಕ್ಕೆ ಗುರುತಿನ ಹೊರಗೆ ಉಳಿದಿರುವ ಕೆಲವೇ ಮಿ.ಮೀ. ಪಟ್ಟಿಯನ್ನಷ್ಟೇ ಹಿಡಿಯುವಂತೆ ಕಚ್ಚು 3 ಮಿ.ಮೀ. ಮೀರದಿರಲಿ, ಹಲ್ಲಿನ ತುದಿ ಮೊಂಡಾಗಿರಲಿ, ಲೋಳೆಪದರದ ಜೊತೆ ಸ್ವಲ್ಪ ಸಬ್‌ಮ್ಯೂಕೋಸಾವೂ ಸಿಗುವಷ್ಟು ಆಳವಿರಲಿ. ಬರೀ ಮೇಲ್ಪದರ ಹಿಡಿದರೆ ಹರಿಯುತ್ತದೆ.

ವಿದ್ಯುತ್ತಿನ ಅಪಾಯ ಇಲ್ಲಿ ನಿಜವಾದದ್ದು. ಚಾಕು ಲೋಹದ ದವಡೆಗೆ ತಾಗಿದರೆ ಪ್ರವಾಹ ದವಡೆಯ ಮೂಲಕ ಹರಿದು, ನೋಡದ ಜಾಗದಲ್ಲಿ ಸುಡುತ್ತದೆ. ಸ್ಪ್ರೇ ಕೋಯಾಗ್ಯುಲೇಶನ್‌ನಲ್ಲಿ (ಕಿಡಿ ಚಿಮ್ಮಿಸಿ ರಕ್ತ ಹೆಪ್ಪುಗಟ್ಟಿಸುವಾಗ) ಶಿಖರ ವೋಲ್ಟೇಜ್ 4000 ದಾಟುವುದುಂಟು, ತೆಳ್ಳಗಿನ ಲೇಪ ಒಂದು ಗೀರು ಬಿದ್ದರೆ ಸಾಕು, ನಿಲ್ಲುವುದಿಲ್ಲ. ತೋಳು ಪೀಕ್ (ಪಿಇಇಕೆ) ಎಂಬ ಗಟ್ಟಿ ಪ್ಲಾಸ್ಟಿಕ್ಕಿನದಾಗಿ, ಲೋಹ ಕೀಲಿನ ಮೊಳೆಗೆ ಮಾತ್ರ ಸೀಮಿತವಾಗಿದ್ದರೆ ಒಳ್ಳೆಯದು. ನಿರೋಧನದ ಪರೀಕ್ಷೆಗೆ ಐಇಸಿ 60601-2-2 ಮಾನಕ ನೋಡಿ.

ಕೊನೆಗೆ, ಕ್ಯಾಪ್ ಕಳಚಿ ಒಳಗೆ ಬೀಳಬಾರದು. ಕ್ಯಾಪನ್ನು ಸ್ಕೋಪಿಗೆ ಬಿಗಿಯುವ ಸಿಲಿಕೋನ್ ಪಟ್ಟಿಯ ಒಳವ್ಯಾಸ ಸ್ಕೋಪಿಗಿಂತ 0.2–0.3 ಮಿ.ಮೀ. ಕಡಿಮೆ ಇರಲಿ. ಸೋಪುನೀರಿನಲ್ಲಿ ಅದ್ದಿ, ತೋಳೆತ್ತಿದ ಸ್ಥಿತಿಯಲ್ಲಿ ಓರೆಯಾಗಿ ಎಳೆದು ಪರೀಕ್ಷಿಸಿ. ಒಣಗಿದ ಸ್ಕೋಪಿನ ಮೇಲೆ ನೇರಕ್ಕೆ ಎಳೆದ ಫಲಿತಾಂಶಕ್ಕೆ ಬೆಲೆಯಿಲ್ಲ. ಕ್ಯಾಪಿನ ಗೋಡೆಯಲ್ಲಿ ರಕ್ತ, ನೀರು ಇಳಿದುಹೋಗಲು ಪಕ್ಕದ ತೂತು ಬೇಕು. ತಂತಿ ಕೈಕೊಟ್ಟರೆ ಏನಾಗುತ್ತದೆ ಎಂಬುದೂ ಗೊತ್ತಿರಬೇಕು: ತಂತಿ ತುಂಡಾದರೆ ದವಡೆ ತಾನೇ ತೆರೆದುಕೊಳ್ಳಬೇಕು. ಹಿಡಿದ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಳ್ಳುವ ದವಡೆಯನ್ನು, ಅದರ ಹಿಡಿತ ಎಷ್ಟೇ ಚೆನ್ನಾಗಿದ್ದರೂ, ನಾವು ಒಪ್ಪುವುದಿಲ್ಲ.

ಉಳಿದವು

ಎರಡು ಚಾನಲಿನ ಸ್ಕೋಪ್: ಒಂದರಲ್ಲಿ ಫೋರ್ಸೆಪ್ಸ್, ಇನ್ನೊಂದರಲ್ಲಿ ಚಾಕು. ದಪ್ಪ 12.6 ಮಿ.ಮೀ. ಆಸುಪಾಸು, ಎರಡೂ ಒಂದೇ ದಿಕ್ಕಿಗೆ ಚಲಿಸುತ್ತವೆ, ಎತ್ತುವುದಕ್ಕಿಂತ ತಳ್ಳುವುದೇ ಹೆಚ್ಚು. ಆಯಸ್ಕಾಂತ: ಒಳಗೆ ಕ್ಲಿಪ್ಪಿಗೆ ಸಣ್ಣದು, ಹೊಟ್ಟೆಯ ಮೇಲೆ ದೊಡ್ಡದು. ದಿಕ್ಕಿನ ಸ್ವಾತಂತ್ರ್ಯ ಅದ್ಭುತ, ಆದರೆ ಸಣ್ಣ ಆಯಸ್ಕಾಂತಗಳ ನಡುವೆ ದೂರ ಇಮ್ಮಡಿಯಾದರೆ ಬಲ ಹೆಚ್ಚುಕಡಿಮೆ 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ದಪ್ಪ ಮೈಯವರಲ್ಲಿ ಕೆಲಸ ಮಾಡದು, ಪೇಸ್‌ಮೇಕರ್ ಇದ್ದವರಿಗೆ ಸಲ್ಲದು. ರೋಬೋಟ್ ಕೈಗಳು ವಿದ್ಯಾರ್ಥಿ ತಂಡದ ವ್ಯಾಪ್ತಿಯವಲ್ಲ.

ಯಾರಿಗೆ ಯಾವುದು

ಅನ್ನನಾಳಕ್ಕೆ ದಾರದ ಕ್ಲಿಪ್. ಅಲ್ಲಿ ಹೊಸದೇನನ್ನೂ ಕಟ್ಟುವ ಅಗತ್ಯ ನಮಗೆ ಕಾಣುವುದಿಲ್ಲ. ಸುಧಾರಿಸಬೇಕೆಂದಿದ್ದರೆ ಸ್ಕೋಪ್ ಹೊರತೆಗೆಯದೆ ದಾರ ಒಯ್ಯುವ ಬಗೆ ಹುಡುಕಿ, ಸಹಾಯಕರ ಕೈಯ ಬದಲು ಅಳತೆಯ ಎಳೆತ ಕೊಡುವ ಹಿಡಿ ಮಾಡಿ. ದೊಡ್ಡ ಕರುಳಿಗೆ ಒಳಗಿನ ಬಳೆ ಅಥವಾ ಮೆದು ಸ್ಪ್ರಿಂಗ್. ಇದು ಸಣ್ಣ ತಂಡಕ್ಕೆ ಒಂದು ವರ್ಷದಲ್ಲಿ ನಿಜಕ್ಕೂ ಮುಗಿಸಲಾಗುವ ಕೆಲಸ, ಭಾಗಗಳು ಕಡಿಮೆ, ತಪ್ಪುಗಳು ಎಣಿಕೆಗೆ ಸಿಗುತ್ತವೆ. ಮೊದಲ ಸಲ ಮಾಡುವವರು ಇದನ್ನೇ ಆರಿಸಿ ಎಂದು ನಾವು ಹೇಳುತ್ತೇವೆ. ಜಠರದಲ್ಲಿ, ಅದರಲ್ಲೂ ದಾರ ಸರಿಯಾದ ದಿಕ್ಕು ಕೊಡದ ಗೋಡೆಗಳಲ್ಲಿ ಮತ್ತು ಅಂಟಿಕೊಂಡ ಗಡ್ಡೆಗಳಲ್ಲಿ ಮಾತ್ರ ತುದಿಯ ತೋಳಿನ ದಪ್ಪಕ್ಕೂ ತೊಡಕಿಗೂ ಬೆಲೆ ಸಿಗುತ್ತದೆ.

ಬೆಂಚಿನ ಮೇಲೆ

ಊರಲ್ಲಿ ಸುಲಭವಾಗಿ ಸಿಗುವುದು ಆಡಿನ ಹೊಟ್ಟೆ. ಆದರೆ ಆಡು ಮೆಲುಕು ಹಾಕುವ ಪ್ರಾಣಿ, ಅದರ ಮೊದಲ ದೊಡ್ಡ ಚೀಲದ ಒಳಗೋಡೆ ಒರಟಾದ ಚರ್ಮದಂಥದು, ಮನುಷ್ಯನ ಜಠರದ ಲೋಳೆಪದರಕ್ಕೂ ಅದಕ್ಕೂ ಸಂಬಂಧವಿಲ್ಲ. ಅದರ ಮೇಲೆ ಗೆದ್ದ ದವಡೆ ಹಂದಿಯ ಜಠರದ ಮೇಲೆ ಜಾರುತ್ತದೆ. ಆಡಿನದೇ ಬೇಕಾದರೆ ನಾಲ್ಕನೆಯ ಹೊಟ್ಟೆಯನ್ನು ಕೇಳಿ ಪಡೆಯಿರಿ. ಸರಿಯಾದದ್ದು ಹಂದಿಯ ಜಠರ. ಮಂಗಳೂರು, ಮಂಜೇಶ್ವರದ ಕಡೆ ಹಂದಿಮಾಂಸ ಮಾರುವವರಲ್ಲಿ ಮೊದಲೇ ಹೇಳಿಡಿ, ಕುದಿಸದೆ, ಉಪ್ಪು ಹಾಕದೆ ಕೊಡಬೇಕೆಂದು ಹೇಳಿ. ಸಲೈನಿನಲ್ಲಿ 4 ಡಿಗ್ರಿಯಲ್ಲಿಟ್ಟು ಮಾರನೆಯ ದಿನದೊಳಗೆ ಬಳಸಿ. ಫ್ರೀಜರಿಗೆ ಹಾಕಿ ಕರಗಿಸಿದ ಅಂಗಾಂಶದಲ್ಲಿ ಹರಿಯುವ ಬಲ ಬದಲಾಗಿರುತ್ತದೆ. ಪ್ರಯೋಗಕ್ಕೆ ಮುನ್ನ 37 ಡಿಗ್ರಿಗೆ ತನ್ನಿ.

ಸ್ನಾಯುಬದಿ ಕೆಳಗಾಗಿ ಹಲಗೆಗೆ ಪಿನ್ ಮಾಡಿ, 30 ಮಿ.ಮೀ. ವೃತ್ತ ಗುರುತಿಸಿ, ನೀಲಿ ಬೆರೆಸಿದ ಸಲೈನ್ ಚುಚ್ಚಿ, ಸುತ್ತ ಕೊಯ್ಯಿರಿ. ನಂತರ ಕ್ಲಿಪ್ ಅಥವಾ ದವಡೆಯಿಂದ ಹಿಡಿದು, ದಾರಕ್ಕೆ 20, 50, 100, 150 ಗ್ರಾಂ ತೂಕ ಏರಿಸುತ್ತ ಹೋಗಿ. 100 ಗ್ರಾಂ ಅಂದರೆ ಹೆಚ್ಚುಕಡಿಮೆ 1 ನ್ಯೂಟನ್. ಪ್ರತಿ ತೂಕದಲ್ಲೂ ಬರೆದುಕೊಳ್ಳಬೇಕಾದ್ದು: ಅಂಚು ಎಷ್ಟು ಮಿ.ಮೀ. ಎದ್ದಿತು, ನೀಲಿ ಪದರ ಎಷ್ಟು ಅಗಲ ಕಂಡಿತು, ಸ್ನಾಯು ಎದ್ದಿತೇ, ಜಾರಿತೇ, ಹರಿಯಿತೇ. ಗೋಡೆಗೆ 30, 60, 90 ಡಿಗ್ರಿಗಳಲ್ಲಿ ಎಳೆದು ಮೂರು ಸಾಲು ಮಾಡಿ. ಕಡಿಮೆ ತೂಕದಲ್ಲೇ ನೀಲಿ ಪದರ ಅಗಲವಾಗಿ ಕಂಡ ಕೋನವೇ ನಿಮ್ಮ ಜೋಡಣೆ ಕೊಡಬೇಕಾದ ಕೋನ. ಚಾಕು ಬಳಸುವ ಪ್ರಯೋಗವಾದರೆ ರಿಟರ್ನ್ ಪ್ಲೇಟನ್ನು (ಚಾಕುವಿನ ವಿದ್ಯುತ್ ಮರಳಿ ಹೋಗುವ ತಟ್ಟೆಯನ್ನು) ಅಂಗಾಂಶದ ಅಡಿಗೆ ಒದ್ದೆ ಬಟ್ಟೆಯೊಂದಿಗೆ ಇಡಬೇಕು. ಹೊಗೆ ಹೀರುವ ವ್ಯವಸ್ಥೆ ಬೇಕು. ಈ ಕೆಲಸಕ್ಕೆ ಬಳಸಿದ ಸ್ಕೋಪ್ ರೋಗಿಗಳಿಗೆ ಮತ್ತೆ ಹೋಗಬಾರದು.

ನಮ್ಮ ಕರಾವಳಿಯ ಮಳೆಗಾಲದ ತೇವ ಮಾದರಿಗಳನ್ನು ಕಾಡುತ್ತದೆ. ನೈಲಾನಿನ ತ್ರೀಡಿ ಮುದ್ರಣ ತೇವ ಹೀರಿ ಅಳತೆ ಬದಲಿಸುತ್ತದೆ, ಸಾಧಾರಣ ಉಕ್ಕಿನ ಸ್ಪ್ರಿಂಗ್ ಸಮುದ್ರದ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. 316ಎಲ್ ಸ್ಟೇನ್‌ಲೆಸ್ ಅಥವಾ ನಿಟಿನಾಲ್ ಆರಿಸಿ, ಮುದ್ರಿಸಿದ ಭಾಗಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ, ಅಳೆಯುವ ದಿನವೇ ವ್ಯಾಸವನ್ನು ಮತ್ತೆ ಅಳೆಯಿರಿ.

ಅನುಮತಿಯ ದಾರಿ

ಭಾರತದಲ್ಲಿ ಇದಕ್ಕೆ ಅನ್ವಯಿಸುವುದು 2017ರ ವೈದ್ಯಕೀಯ ಸಾಧನಗಳ ನಿಯಮಗಳು. ಸಾಧನಗಳು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ. ಪರೀಕ್ಷೆಗಾಗಿ ಮಾತ್ರ ತಯಾರಿಸಲು ಎಂಡಿ-12 ನಮೂನೆಯ ಅರ್ಜಿ ಹಾಕಿ ಎಂಡಿ-13 ಪರವಾನಗಿ ಪಡೆಯಬೇಕು, ಮನುಷ್ಯರ ಮೇಲಿನ ಪ್ರಯೋಗಕ್ಕೆ ಎಂಡಿ-22 ಅರ್ಜಿ, ಎಂಡಿ-23 ಅನುಮತಿ. ಇವೆರಡೂ ಕೇಂದ್ರದಿಂದ ಬರುವಂಥವು. ಮಾರಾಟದ ತಯಾರಿಕೆಗೆ ಎ ಮತ್ತು ಬಿ ವರ್ಗವಾದರೆ ರಾಜ್ಯದ ಪರವಾನಗಿ ಅಧಿಕಾರಿ, ಸಿ ಮತ್ತು ಡಿ ಆದರೆ ಕೇಂದ್ರ. ಗಡಿಯವರಾದ ನಮಗೆ ಇಲ್ಲೊಂದು ಸಂಗತಿ ಮುಖ್ಯ: ರಾಜ್ಯ ಯಾವುದೆಂದು ತೀರ್ಮಾನಿಸುವುದು ತಯಾರಿಕೆಯ ಜಾಗ. ಕಾರ್ಯಾಗಾರ ಕುಂಬಳೆಯಲ್ಲಿದ್ದರೆ ಕೇರಳದ ಅಧಿಕಾರಿ, ವೈದ್ಯರು ಮಂಗಳೂರಿನವರಾದರೂ ಸರಿ. ಪ್ರಯೋಗದ ನೀತಿ ಸಮಿತಿ ಮಾತ್ರ ರೋಗಿ ಇರುವ ಆಸ್ಪತ್ರೆಯದು. ಜೀವಂತ ಪ್ರಾಣಿಯ ಮೇಲಿನ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು. ಕೇರಳದಲ್ಲೇ ಇರುವುದರಿಂದ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಬಯೋಮೆಡಿಕಲ್ ತಂತ್ರಜ್ಞಾನ ವಿಭಾಗವನ್ನು ಬೇಗನೆ ಸಂಪರ್ಕಿಸಿ. ಚಿತ್ರಾ ಹೃದಯ ಕವಾಟ ರೂಪುಗೊಂಡ ಜಾಗ ಅದು. ಮೈಗೆ ತಾಗುವ ವಸ್ತುಗಳ ಜೈವಿಕ ಹೊಂದಾಣಿಕೆಗೆ ಐಎಸ್ಓ 10993 ಸರಣಿ, ಅಪಾಯದ ದಾಖಲೆಗೆ ಐಎಸ್ಓ 14971. ಅಪಾಯದ ಕಡತವನ್ನು ಕೊನೆಗೆ ಬರೆಯಲು ಇಡಬೇಡಿ. ಬೆಂಚಿನ ಮೇಲೆ ಕ್ಲಿಪ್ ಕಿತ್ತುಬಂದ ಪ್ರತಿ ಸಲವೂ ಎಷ್ಟು ತೂಕಕ್ಕೆ, ಯಾವ ಕೋನದಲ್ಲಿ, ಎಲ್ಲಿಂದ ಹರಿಯಿತು ಎಂದು ಫೋಟೋ ಸಹಿತ ಅಂದೇ ಅದರಲ್ಲಿ ಸೇರಿಸಿ.